ಸೊಸೆ ಎಂಬ ತಳಿ

ಬುಧವಾರ, ಮಧ್ಯಾಹ್ನ

ಪ್ರೀತಿಯ ನಿಮಗೆ,

ಭಾನುವಾರ ನೀವು ನಿಲ್ದಾಣದಲ್ಲಿ ಕಾದಿರುತ್ತೀರಿ. ಎಲ್ಲರೂ ಇಳಿದು, ಕೊನೆಗೆ ಡ್ರೈವರೂ ಇಳಿದು ಹೋದ ಮೇಲೂ ಬಸ್ಸಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ನಿಂತಿರುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತು. ನಾನು ಆ ಬಸ್ಸು ಹತ್ತಲಿಲ್ಲ. ನೆಗಡಿ, ತಲೆನೋವು ಎಂದು ಬರೆದು ಹರಿದ ಹಾಳೆ ಪಕ್ಕದಲ್ಲೇ ಬಿದ್ದಿದೆ. ಇದು ಎರಡನೆಯದು.

ನಾನು ಈ ಮೆಣಸಿನ ಗಿಡಗಳ ಹಿಂದೆ ಯಾಕೆ ಬಿದ್ದೆ ಎಂಬುದು ನಿಮಗೆ ಹೊಸದೇನಲ್ಲ. ಆದರೂ ಬರೆಯುತ್ತೇನೆ, ಬರೆದರೆ ನನಗಾದರೂ ಬಿಡಿಸಿಕೊಂಡೀತು. ಮದುವೆಯಾಗಿ ಬಂದಾಗ ಕೆಳಗೆ ನಿಮ್ಮಪ್ಪನ ಗಿರಣಿ, ಮೇಲೆ ಮನೆ. ಖಾರದ ಪುಡಿ ಬೀಸಲು ಶುರುವಾದರೆ ಘಾಟು ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಗೆದ ಬಟ್ಟೆಯಲ್ಲಿ, ದಿಂಬಿನಲ್ಲಿ, ಎಲ್ಲೆಲ್ಲೂ ಅದೇ. ನೀವು ಗೋಡೆ ಹಿಡಿದು ಕೆಮ್ಮುತ್ತಿದ್ದರೆ ಕೆಳಗಿನಿಂದ ಮಾವ ನಿಮ್ಮನ್ನು ಕೂಗುತ್ತಲೇ ಇರುತ್ತಿದ್ದರು. ಒಂದು ದಿನ ನೀವು ಹೋಗಿಯೇಬಿಟ್ಟಿರಿ. ಉಸಿರಾಡುವ ಜಾಗ ನೋಡಿಕೊಂಡು ಕರೆಸಿಕೊಳ್ಳುತ್ತೇನೆ ಎಂದಿರಿ. ನನಗೋ, ನಿಮ್ಮನ್ನೇ ವಾಪಸ್ ಕರೆಸಿಕೊಳ್ಳುವ ಹಟ. ನರ್ಸರಿಯವನ ಮಗಳಲ್ಲವೇ ನಾನು. ಘಾಟಿಲ್ಲದೆ ಬಣ್ಣ ಮಾತ್ರ ಕೊಡುವ ಮೆಣಸಿನಕಾಯಿ ಬೆಳೆಸಿಬಿಟ್ಟರೆ ಗಿರಣಿಯೂ ಉಳಿಯುತ್ತದೆ, ಗಂಡನೂ ಉಳಿಯುತ್ತಾನೆ ಅಂದುಕೊಂಡೆ.

ತಾರಸಿಯ ಕುಂಡಗಳಲ್ಲಿ ಶುರು ಮಾಡಿದೆ. ಗಿರಣಿಯ ಚೀಲದಿಂದ ಆಯ್ದ ಕಡುಗೆಂಪು ಕಾಯಿಯ ಬೀಜ ಒಂದು ಕಡೆ, ತರಕಾರಿ ಅಂಗಡಿಯ ಖಾರವಿಲ್ಲದ ದಪ್ಪ ಮೆಣಸಿನಕಾಯಿಯ ಬೀಜ ಇನ್ನೊಂದು ಕಡೆ. ಅರಳುವ ಮುಂಚೆಯೇ ಮೊಗ್ಗು ಬಿಡಿಸಿ, ಅದರ ಗಂಡು ಕೇಸರಗಳನ್ನು ಚಿಮಟದಿಂದ ಕಿತ್ತು, ಮತ್ತೊಂದು ಗಿಡದ ಹೂವಿನ ಪರಾಗ ತಾಗಿಸಿ, ತೊಟ್ಟಿಗೆ ಗುರುತಿನ ದಾರ ಕಟ್ಟುವುದು. ಅತ್ತೆ ನೋಡಿ, ಹೂವಿಗೂ ಬೀಗತನ ಮಾಡಿಸ್ತಿದ್ದೀಯಲ್ಲೇ ಎಂದು ನಕ್ಕರು. ಮೊದಲ ಸಲ ಹುಟ್ಟಿದ ಗಿಡಗಳೆಲ್ಲ ಬರೀ ಬೆಂಕಿ. ಖಾರವಿಲ್ಲದ ಮೆಣಸಿನಕಾಯಂತೆ, ನಾಳೆ ಒದ್ದೆ ಮಾಡದ ನೀರು ತರ್ತಾಳೆ ಎಂದು ಮಾವ ಹಮಾಲರನ್ನೆಲ್ಲ ನಗಿಸಿದರು. ಆದರೆ ಖಾರದ ಕೆಳಗೆ ಸಪ್ಪೆ ಅಡಗಿ ಕೂತಿರುತ್ತದೆ ಎಂದು ನಮ್ಮಪ್ಪ ಹೇಳಿಕೊಟ್ಟಿದ್ದ. ಅವೇ ಗಿಡಗಳ ಬೀಜ ಬಿತ್ತಿದೆ. ಅವುಗಳ ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದು ಸಪ್ಪೆ ಬಂತು. ಯಾವುದೆಂದು ತಿಳಿಯಲು ಪ್ರತಿ ಗಿಡದ ಕಾಯಿಯನ್ನೂ ಕಚ್ಚಲೇಬೇಕು. ಅತ್ತೆ ಒಂದು ಸಾಲು, ನಾನು ಒಂದು ಸಾಲು, ನಡುವೆ ಮೊಸರಿನ ಪಾತ್ರೆ. ಸಪ್ಪೆಯವುಗಳಲ್ಲೂ ಕೆಲವು ಗುಂಡಗೆ, ಕೆಲವು ಒಣಗಿಸಿದರೆ ಕೊಳೆಯುವಂಥವು. ತೆಳುಸಿಪ್ಪೆಯ ಕಡುಗೆಂಪಿನವನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಕಿತ್ತೆ. ಮತ್ತೆ ಬಿತ್ತಿದೆ, ಮತ್ತೆ ಕಿತ್ತೆ.

ಕೊನೆಗೊಂದು ಬೆಳೆಯಲ್ಲಿ ಗಿಡಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ನಿಂತವು. ಒಣಗಿಸಿ ಗಿರಣಿಗೆ ಹಾಕಿದೆವು. ಕೋಣೆ ತುಂಬ ಕೆಂಪು ಎದ್ದಿತು, ಒಬ್ಬರೂ ಸೀನಲಿಲ್ಲ. ಮಾವ ಬೆರಳದ್ದಿ ನಾಲಿಗೆಗಿಟ್ಟರು, ಮತ್ತೊಮ್ಮೆ ಅದ್ದಿ ಇಟ್ಟರು. ಆಮೇಲೆ "ಮಗಳೇ" ಅಂದರು. ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ.

ನಾನು ಸಿಕ್ಕಿಬಿದ್ದದ್ದು ಅಲ್ಲೇ. ಈಗ ಬಣ್ಣಕ್ಕೆ ನನ್ನದು, ಖಾರಕ್ಕೆ ಹಳೆಯದು ಎಂದು ಎರಡನ್ನೂ ಬೆರೆಸಿ ಬೀಸುತ್ತಾರೆ. ಘಾಟು ಎಂದಿನಂತೆ ಮೆಟ್ಟಿಲು ಹತ್ತುತ್ತದೆ. ತಾರಸಿಯ ಮೇಲೆ ಬಲೆಯ ಮನೆ ಕಟ್ಟಿಸಿದ್ದಾರೆ. ಬೀಜ ಕದ್ದಾರೆಂಬ ಭಯಕ್ಕೆ ಬಾಗಿಲಿಗೆ ಬೀಗ. ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟು ಬೀಗ ಹಾಕಿದರೆ ತೆಗೆಯುವುದು ಊಟದ ಹೊತ್ತಿಗೆ. ಕೆಟ್ಟತನದಿಂದಲ್ಲ. ಸೆಕೆಯೆಂದು ಫ್ಯಾನು ಹಾಕಿಸಿದ್ದಾರೆ. ಟೀ ತಾವೇ ತಂದು ಬಲೆಯ ಕೆಳಗಿನಿಂದ ಲೋಟ ತೂರಿಸುತ್ತಾರೆ. ತಳಿಗೆ ಸೊಸೆ ಎಂದು ಹೆಸರಿಟ್ಟು, ಗೊತ್ತಿನ ರೈತರ ಹೊಲದಲ್ಲಿ ಬೆಳೆಸಿ, ಚೀಲಗಳ ಮೇಲೆ ಅಚ್ಚು ಹಾಕಿಸಿದ್ದಾರೆ. ವ್ಯಾಪಾರಿಗಳು ಬಂದು, ಸೊಸೆ ಒಣಗಿದಾಳಾ, ಸೊಸೆ ಎಷ್ಟು ಚೀಲ ಇದಾಳೆ ಎಂದು ವಿಚಾರಿಸುವುದು ನನಗೆ ಮೇಲಿನವರೆಗೂ ಕೇಳುತ್ತದೆ. ಮೊದಮೊದಲು ನಗು ಬರುತ್ತಿತ್ತು.

ನಿಮ್ಮ ಹತ್ತಿರ ಹೊರಡುತ್ತೇನೆ ಎಂದಾಗಲೆಲ್ಲ ಅವರದ್ದು ಒಂದೇ ಉತ್ತರ: "ಹೋಗಮ್ಮ, ಯಾರು ಬೇಡ ಅಂದ್ರು? ಇದೊಂದು ಬೆಳೆ ಕೈಗೆ ಬರ್ಲಿ." ಬೆಳೆ ಕೈಗೆ ಬರುತ್ತದೆ. ಆಗ ಕಾಯಿ ಇನ್ನೂ ಉದ್ದವಾಗಬೇಕು. ಉದ್ದವಾದರೆ ತೊಟ್ಟು ಸುಲಭವಾಗಿ ಬಿಡಬೇಕು.

ಅಷ್ಟರಲ್ಲಿ ಹೋದ ತಿಂಗಳ ನಿಮ್ಮ ಕಾಗದ ಬಂತು. ನನ್ನ ಉಸಿರು ಕಟ್ಟಿಸಿದ್ದು ಮೆಣಸಿನಕಾಯಿ ಅಲ್ಲ, ಅಪ್ಪ ಎಂದು ಬರೆದಿದ್ದಿರಿ. ಅದನ್ನು ಬಲೆಯೊಳಗೆ ಕುಂಡದ ಅಂಚಿನ ಮೇಲೆ ಕೂತು ಓದಿದೆ. ಹೊರಡುವಾಗಲೇ ಹೇಳಬಾರದಿತ್ತೇ ಎಂದು ನಿಮ್ಮ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೆ ಓದುತ್ತಿದ್ದದ್ದು ಬೀಗದ ಒಳಗೆ ಕೂತು. ಹಾಗಾಗಿ ನೀವು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಬೀಗ ತೆಗೆದ ಮೇಲೆ ಅತ್ತೆಗೂ ಓದಿ ಹೇಳಿದೆ. ಅವರು ನನ್ನ ಕೈಯಿಂದ ಚಿಮಟ ಇಸಿದುಕೊಂಡು, ಒಂದು ಮೊಗ್ಗು ಬಿಡಿಸಿ, ಒಂದೇ ಒಂದು ಕೇಸರ ಉಳಿಯದ ಹಾಗೆ ಕಿತ್ತು, ಪರಾಗ ಮುಟ್ಟಿಸಿ, ದಾರ ಕಟ್ಟಿದರು. "ನಂಗೆ ಬಂತು ಕಣೇ. ನೀನು ಹೊರಡು" ಅಂದರು. ಭಾನುವಾರ ಬರುತ್ತೇನೆಂದು ನಿಮಗೆ ಬರೆದದ್ದು ಅವತ್ತೇ.

ಮಾವ ಕೂಗಾಡುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಕೂಗಾಡಿದ್ದರೆ ಈಗ ನಿಮ್ಮ ಹತ್ತಿರ ಇರುತ್ತಿದ್ದೆ. ನನ್ನ ಚೀಲ ತಾವೇ ಹೊತ್ತರು. ಟಿಕೆಟ್ಟು ತಾವೇ ತಂದರು, ಕಿಟಕಿ ಪಕ್ಕದ್ದು. ನಿಲ್ದಾಣದ ಬೆಂಚಿನ ಮೇಲೆ ಜೊತೆಗೆ ಕೂತರು, ಏನೇನೋ ಮಾತಾಡಿಕೊಂಡೆವು. ಬಸ್ಸು ಬಂತು, ಜನ ನುಗ್ಗಿ ಹತ್ತಿದರು. ನಾನು ಕೂತೇ ಇದ್ದೆ. ಮಾವ ತಡೆಯಲಿಲ್ಲ, ಹತ್ತು ಎನ್ನಲೂ ಇಲ್ಲ. ಬಸ್ಸು ಹೊರಟ ಮೇಲೆ ಮೆಲ್ಲಗೆ ಚೀಲ ಎತ್ತಿಕೊಂಡರು. ದಾರಿಯಲ್ಲಿ ಟೀ ಅಂಗಡಿಯವನಿಗೆ, ಸೊಸೆ ವಾಪಸ್ ಬಂದ್ಳು ಎಂದರು, ನಾನೇನೋ ದೂರದ ಪ್ರಯಾಣ ಮುಗಿಸಿ ಬಂದವಳ ಹಾಗೆ. ಬಾಗಿಲು ತೆಗೆದ ಅತ್ತೆ ನನ್ನ ಮುಖ ನೋಡಿ ಒಳಗೆ ಹೋದರು. ಅವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಕಾಲು ಯಾಕೆ ಏಳಲಿಲ್ಲವೋ ನಾನು ಕಾಣೆ. ಈಗ ಮಾವನಿಗೆ ಬೇಗ ಕಾಯಿ ಬಿಡುವ ಗಿಡ ಬೇಕಂತೆ. ಅದಕ್ಕೆ ಮೊದಲ ಮೊಗ್ಗು ಇವತ್ತು ಬೆಳಿಗ್ಗೆ ಬಿಡಿಸಿದೆ. ಅದು ಹಣ್ಣಾಗಿ, ಬೀಜವಾಗಿ, ಅದರ ಮೊಮ್ಮಕ್ಕಳಲ್ಲಿ ಒಳ್ಳೆಯದನ್ನು ಆರಿಸುವಷ್ಟು ದಿನ ಕಾಯಿರಿ ಎನ್ನಲು ನನಗೆ ಬಾಯಿಲ್ಲ. ಬರುವುದಿಲ್ಲ ಎಂದು ಬರೆಯಲು ಕೈಯೂ ಇಲ್ಲ.

ನಿಮ್ಮ
ಚೂಟಿ

ತಾ.ಕ.: ಬೆಂಚಿನ ಮೇಲೆ ಏನೇನೋ ಮಾತಾಡಿಕೊಂಡೆವು ಎಂದೆನಲ್ಲ, ಹಾಗೇನಿಲ್ಲ. ಆಡಿದ್ದು ಒಂದೇ ಮಾತು. ಮಾವ ನೆಲ ನೋಡುತ್ತ, "ಅವನು ಕಾಗದದಲ್ಲಿ ನನ್ನ ಸುದ್ದಿ ಏನಾದ್ರೂ ಕೇಳ್ತಾನಾ?" ಅಂದರು. ನಿಮ್ಮ ಕಾಗದಗಳೆಲ್ಲ ಅವರ ತೊಡೆಯ ಮೇಲಿದ್ದ ಚೀಲದಲ್ಲೇ ಇದ್ದವು, ಒಂದರಲ್ಲೂ ನೀವು ಕೇಳಿದ್ದಿಲ್ಲ. "ಪ್ರತಿ ಸಲ ಕೇಳ್ತಾರೆ" ಅಂದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಬಸ್ಸು ಬಂದರೂ ಒರೆಸುತ್ತಲೇ ಇದ್ದರು. ಮುಂದಿನ ಕಾಗದದಲ್ಲಿ ಅವರ ಬಗ್ಗೆ ಒಂದೇ ಒಂದು ಸಾಲು ಬರೆಯಿರಿ. ಬಂದ ದಿನವೇ ಓದಿ ಹೇಳು ಅಂದಿದ್ದಾರೆ.