ಕೂತು ಓದಿದವರ ಲೆಕ್ಕ ಎಲ್ಲಿ, ನಿರ್ದೇಶಕರೇ?

ಮಾನ್ಯ ಗ್ರಂಥಾಲಯ ನಿರ್ದೇಶಕರೇ,

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ಲಾರಿ ನಮ್ಮ ಶಾಖೆಯ ಬಾಗಿಲಿಗೆ ಬರಲಿದೆ. ಮುನ್ನೂರ ಹದಿನೆಂಟು ಪುಸ್ತಕಗಳನ್ನು ಹೇರಿಕೊಂಡು, ಕಾಗದ ಅರೆಯುವ ಕಾರ್ಖಾನೆಗೆ ಒಯ್ಯಲಿದೆ. ಅವು ಮಾಡಿದ ಅಪರಾಧ? ಅವಕ್ಕೆ ಒಬ್ಬ ಓದುಗನೂ ಇಲ್ಲವೆಂದು ತಮ್ಮ ಹೊಸ ಜಾಲತಾಣ ತೀರ್ಪು ಕೊಟ್ಟಿದೆ. ಸುಳ್ಳು! ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಲಿ ಎಂದು ಗಂಟಲೆತ್ತಿ ಹೇಳುತ್ತೇನೆ: ಹಸಿ ಹಸಿ ಸುಳ್ಳು! ಆ ಸುಳ್ಳನ್ನು ಮೊದಲು ಟೈಪು ಮಾಡಿದ ಬೆರಳು ನನ್ನದೇ ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ನಮ್ಮ ವಾಚನಾಲಯದಲ್ಲೊಂದು ಪದ್ಧತಿಯಿದೆ. ಓದಿದವರು ಪುಸ್ತಕವನ್ನು ಕಪಾಟಿಗೆ ಮರಳಿಸಬಾರದು, ಮೇಜಿನ ಮೇಲೇ ಬಿಟ್ಟು ಹೋಗಬೇಕು. ಸಂಜೆ ಗಂಟೆ ಬಾರಿಸಿದ ಮೇಲೆ ಅವನ್ನೆಲ್ಲ ನಾನು ಕೂಡಿಸಿ, ಒಂದೊಂದರ ಹಿಂಬದಿಯ ಚೀಟಿಯಲ್ಲಿ ಪೆನ್ಸಿಲಿನಿಂದ ಒಂದೊಂದು ಚುಕ್ಕಿ ಇಟ್ಟು ಕಪಾಟಿಗೆ ಸೇರಿಸುತ್ತೇನೆ. ನಿಘಂಟು, ಭೂಪಟ, ಕಾನೂನು, ವೈದ್ಯ, ಯಂತ್ರವಿದ್ಯೆ: ಇಂಥ ದಪ್ಪ ಪುಸ್ತಕಗಳನ್ನು ಮನೆಗೆ ಕೊಡುವ ಹಾಗಿಲ್ಲ, ಕೂತೇ ಓದಬೇಕು. ಚುಕ್ಕಿಯೇ ಅವುಗಳ ಜೀವನಚರಿತ್ರೆ. ಇಪ್ಪತ್ತಾರು ವರ್ಷ ನಾನು ಇಟ್ಟ ಚುಕ್ಕಿಗಳು!

ಎರಡು ವರ್ಷದ ಹಿಂದೆ ತಾವು ಅರವತ್ತೊಂದು ಶಾಖೆಯವರನ್ನು ಒಂದೇ ಸಭಾಂಗಣಕ್ಕೆ ಕರೆಸಿ, ಒಂದೇ ದಿನದಲ್ಲಿ ಗಣಕಜ್ಞರನ್ನಾಗಿ ಮಾಡಲು ಹೊರಟಿರಿ. ‘ಎಷ್ಟು ಬಾರಿ ಎರವಲು ಹೋಗಿದೆ’ ಎಂಬ ಕಾಲಂ ಬಂದಾಗ ನಾನು ಎದ್ದು ನಿಂತೆ.

“ಸ್ವಾಮಿ, ಈ ಪುಸ್ತಕ ಹೊರಗೆ ಕೊಡೋ ಹಾಗೇ ಇಲ್ಲ. ಕೂತು ಓದೋದು. ಅದಕ್ಕೆ ಕಾಲಂ ಎಲ್ಲಿ?”

“ಅದಿಲ್ಲ ಸಾರ್,” ಎಂದರು ಮೈಕು ಹಿಡಿದ ತರಬೇತುದಾರರು.

“ಹಾಗಾದ್ರೆ ಖಾಲಿ ಬಿಡ್ಲಾ?”

“ಖಾಲಿ ಬಿಟ್ರೆ ಮುಂದಿನ ಪುಟ ತೆರೆಯೋದಿಲ್ಲ. ಸೊನ್ನೆ ಹೊಡೀರಿ. ಊಟಕ್ಕೆ ಹೊತ್ತಾಯ್ತು.”

ಹೊಡೆದೆವು. ಅರವತ್ತೊಂದು ಶಾಖೆಯವರೂ ಹೊಡೆದೆವು. ಹೊಟ್ಟೆ ಹಸಿದಿತ್ತು, ವಿಧೇಯತೆ ಅಭ್ಯಾಸವಾಗಿತ್ತು. ಆ ಸೊನ್ನೆಗಳನ್ನು ಆಧರಿಸಿ ನಾಲ್ಕು ತಿಂಗಳ ಹಿಂದೆ ತಮ್ಮ ಯಂತ್ರ ಮರಣದಂಡನೆಯ ಪಟ್ಟಿ ಹೊರಡಿಸಿತು. ಕಚೇರಿಗೆ ಫೋನು ಮಾಡಿದೆ. “ಅದು ಸಿಸ್ಟಮ್ ತೆಗೆದಿರೋ ಪಟ್ಟಿ ಸಾರ್, ನಮ್ಮ ಕೈಲಿಲ್ಲ,” ಎಂದರು ಒಬ್ಬ ಹೆಣ್ಣುಮಗಳು. “ಸಿಸ್ಟಮ್ ಯಾರ ಕೈಲಿದೆ ತಾಯಿ?” ಎಂದೆ. ಸ್ವಲ್ಪ ಯೋಚಿಸಿ ಹೇಳಿದರು: “ಸಿಸ್ಟಮ್ ಕೈಲೇ.” ಆಹಾ! ಯಾವ ನಾಟಕಕಾರ ಬರೆದಾನು ಇಂಥ ಸಂಭಾಷಣೆ?

ಚುಕ್ಕಿಗಳಿರುವ ಚೀಟಿಗಳನ್ನು ರಟ್ಟಿನ ಡಬ್ಬಿಯಲ್ಲಿ ತುಂಬಿ ಕಳಿಸಿದೆ. ಡಬ್ಬಿ ಬಿಚ್ಚದೆ ವಾಪಸು ಬಂತು. ಮೇಲೊಂದು ಷರಾ: ಆಕ್ಷೇಪಣೆಯನ್ನು ಡಿಜಿಟಲ್ ದಾಖಲೆಯೊಂದಿಗೆ ತೊಂಬತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು. ಡಿಜಿಟಲ್ ಬೇಕೆ? ಆಗಲಿ, ಬಂದೆ! ಐವತ್ತೈದು ದಾಟಿದ ಈ ಗುಮಾಸ್ತ ಜಾಲಪುಟ ಕಟ್ಟುವುದನ್ನು ಕಲಿಯಲು ಕೂತ. ಗುರು ನನ್ನ ನಾದಿನಿ. ಅಂಗಡಿ, ಕ್ಲಿನಿಕ್ಕುಗಳಿಗೆ ವೆಬ್‌ಸೈಟು ಮಾಡಿಕೊಡುವವಳು. ಮೊದಲ ವಾರ ನನ್ನ ಪುಟದ ಅಕ್ಷರಗಳೆಲ್ಲ ದಪ್ಪಗಾಗಿ ಕೂತವು. “ಭಾವ, ದಪ್ಪ ಮಾಡು ಅಂತ ಹೇಳಿದ್ರಿ, ಸಾಕು ಅಂತ ಹೇಳೋದು ಯಾರು? ತೆರೆದಿದ್ದನ್ನ ಮುಚ್ಚಬೇಕು!” ಎಂದಳು. “ಮನೇಲಿ ಬೀರು ಬಾಗಿಲನ್ನೇ ಮುಚ್ಚಲ್ಲ, ಅದನ್ನ ಮುಚ್ತಾರಾ?” ಎಂದು ನನ್ನ ಹೆಂಡತಿ ಒಳಗಿಂದ ಒಗ್ಗರಣೆ ಹಾಕಿದಳು.

ಹನ್ನೆರಡನೆಯ ದಿನ ಪುಟ ಎದ್ದು ನಿಂತಿತು. ಮುನ್ನೂರ ಹದಿನೆಂಟಕ್ಕೂ ಕ್ಯೂಆರ್ ಚೀಟಿ ಅಂಟಿಸಿದೆ. ಮೇಜಿನಿಂದ ಪುಸ್ತಕ ಎತ್ತುವಾಗ ಫೋನು ಹಿಡಿದರೆ ಸಾಕು. ದಿನಾಂಕ, ಪುಸ್ತಕ, ಮೇಜಿನ ಸಂಖ್ಯೆ ಎಲ್ಲವೂ ಪುಟದಲ್ಲಿ ದಾಖಲು. ಹನ್ನೊಂದು ವಾರದಲ್ಲಿ ಎರಡು ಸಾವಿರದ ಒಂಬೈನೂರ ಆರು ಓದು! ತಮ್ಮ ಲೆಕ್ಕದಲ್ಲಿ ಸೊನ್ನೆ.

ಪಟ್ಟಿಯ ನಲವತ್ತೊಂದನೆಯ ಪುಸ್ತಕದ ಕತೆ ಕೇಳಿ. ಮನುಷ್ಯ ಶರೀರದ ಚಿತ್ರಕೋಶ, ನಾಲ್ಕು ಕಿಲೋ ತೂಕ. ಕೆಲಸವಿದ್ದ ಅರವತ್ತಾರು ದಿನಗಳಲ್ಲಿ ಅರವತ್ತನಾಲ್ಕು ದಿನ ಮೂರನೆಯ ಮೇಜಿನಲ್ಲಿ ತೆರೆದಿತ್ತು. ತೆರೆಯುವವಳು ಆಸ್ಪತ್ರೆಯ ಆಯಾ. ಪಾಳಿ ಮುಗಿಸಿ ಮೂರೂವರೆಗೆ ಬಂದು, ಕೈ ಒರೆಸಿಕೊಂಡು, ಮೂಳೆಗಳನ್ನು ಒಂದೊಂದಾಗಿ ನೋಟುಬುಕ್ಕಿಗೆ ಇಳಿಸುತ್ತಾಳೆ. ಬರುವ ಇಪ್ಪತ್ತೆರಡಕ್ಕೆ ದಾದಿ ತರಬೇತಿಯ ಪ್ರವೇಶ ಪರೀಕ್ಷೆ. ವಯೋಮಿತಿಯ ಪ್ರಕಾರ ಇದೇ ಕೊನೆಯ ಸಲ. ಪಟ್ಟಿಯ ವಿಷಯ ಹೇಳಿದಾಗ ಆಕೆ ಪೆನ್ಸಿಲು ಕೆಳಗಿಟ್ಟಳು. “ಯಾರೂ ಓದಲ್ಲ ಅಂತಾನಾ? ಹಾಗಾದ್ರೆ ದಿನಾ ಇಲ್ಲಿ ಕೂತಿರೋಳು ನಾನು ಯಾರು ಸಾರ್?”

ಉತ್ತರ ಕೊಡಿ, ನಿರ್ದೇಶಕರೇ. ಆಕೆ ಯಾರು?

ಎಂಬತ್ತೊಂಬತ್ತನೆಯ ದಿನ ಸಮಸ್ತ ದಾಖಲೆಯನ್ನು ತಮಗೆ ಕಳಿಸಿದೆ. ಮೂರೇ ದಿನದಲ್ಲಿ ಉತ್ತರ ಬಂತು. ಇಲಾಖೆಯ ಚರಿತ್ರೆಯಲ್ಲೇ ಇಂಥ ವೇಗವಿಲ್ಲ. ಪೂರ್ವಾನುಮತಿಯಿಲ್ಲದೆ ಜಾಲಪುಟ ನಿರ್ಮಿಸಿದ್ದಕ್ಕೆ ಕಾರಣ ಕೇಳಿ ನೋಟಿಸು! ಓದಿನ ಬಗ್ಗೆ ಒಂದಕ್ಷರವಿಲ್ಲ. ಕಲಿಯಿರಿ ಎಂದು ಆಜ್ಞಾಪಿಸಿದವರೂ ತಾವೇ, ಕಲಿತೆಯೇಕೆ ಎಂದು ಗುಡುಗುವವರೂ ತಾವೇ. ಒಬ್ಬರೇ ಎರಡು ಪಾತ್ರ ಮಾಡುವಾಗ ನಡುವೆ ಕಿರೀಟವನ್ನಾದರೂ ಬದಲಿಸುವ ವಾಡಿಕೆಯುಂಟು!

ನೋಟಿಸು ಓದಿ ತಮ್ಮ ಕೈಪಿಡಿಯನ್ನೂ ಓದಿದೆ. ಹದಿನಾಲ್ಕನೆಯ ನಿಯಮ: ಎರವಲಿನಲ್ಲಿರುವ ಪುಸ್ತಕವನ್ನು ವಿಲೇವಾರಿ ಮಾಡತಕ್ಕದ್ದಲ್ಲ. ತಮ್ಮ ಜಾಲತಾಣದಲ್ಲಿ ‘ಪುಸ್ತಕವನ್ನು ಮನೆಗೆ ಕೊಡಬಹುದೇ’ ಎಂಬ ಕಡೆ ‘ಇಲ್ಲ’ವನ್ನು ‘ಹೌದು’ ಮಾಡುವ ಗುಂಡಿ ಶಾಖೆಯವರ ಕೈಗೇ ಎಟುಕುತ್ತದೆ. ಅದನ್ನು ಹುಡುಕುವಷ್ಟು ವಿದ್ಯೆ ಈಗ ನನಗೆ ಬಂದಿದೆ. ಗುರುವಾರ ನನ್ನ ಪುಟದಲ್ಲಿ ಒಂದೇ ಸಾಲು ಹಾಕಿದೆ: “ನಾಳೆ ಬನ್ನಿ, ಗಟ್ಟಿ ಚೀಲ ತನ್ನಿ.” ಶುಕ್ರವಾರ ಸಾಲು ಮೆಟ್ಟಿಲಿಳಿದು ರಸ್ತೆಯ ತಿರುವಿನವರೆಗೆ ನಿಂತಿತು. ಬಡಗಿ ಬಂದ, ನಿವೃತ್ತ ಮೇಷ್ಟ್ರು ಬಂದರು, ಲೇತ್ ಯಂತ್ರದವನು ಮೂರು ಸಂಪುಟಗಳನ್ನು ಹೆಗಲಿಗೇರಿಸಿಕೊಂಡು ಹೋದ. ಆಯಾ ಮಾತ್ರ ಹಿಂಜರಿದಳು. “ಒಂದೇ ಕೋಣೆ ಸಾರ್ ನಮ್ದು. ಅತ್ತೆ, ಮೂರು ಮಕ್ಕಳು. ಈ ಮೇಜಿದ್ರೇನೇ ಓದು.” ಕೊನೆಗೆ ಹಾಸಿಗೆ ಹೊದಿಕೆಯಲ್ಲಿ ಕೂಸಿನಂತೆ ಸುತ್ತಿಕೊಂಡು ಒಯ್ದಳು. ಮುನ್ನೂರ ಹದಿನೆಂಟೂ ಎರವಲಿನಲ್ಲಿವೆ, ಮಹಾಸ್ವಾಮಿ. ಲಾರಿ ಬರಲಿ, ಚಾಲಕನಿಗೆ ಚಹಾ ಕೊಡುತ್ತೇನೆ.

ಆದರೆ ಎರವಲಿನ ಅವಧಿ ಹದಿನಾಲ್ಕೇ ದಿನ, ಅದು ಕಳೆದರೆ ಪುಸ್ತಕಗಳು ಮರಳುತ್ತವೆ. ಆಕೆಯ ಓದು ಆ ಮೇಜಿಗೆ ಮರಳಬೇಕಾದದ್ದು ಅದಕ್ಕೂ ಮುಂಚೆ, ಪರೀಕ್ಷೆಗೆ ಮೊದಲು. ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ: ಪಟ್ಟಿಯನ್ನು ಈ ವಾರವೇ ರದ್ದು ಮಾಡಿ. ಇದೇ ಸೊನ್ನೆ ನಂಬಿ ಉಳಿದ ಅರವತ್ತು ಶಾಖೆಗಳಿಗೆ ಹೊರಟ ಲಾರಿಗಳನ್ನು ತಿರುಗಿಸಿ. ತಮ್ಮ ಭವ್ಯ ಜಾಲತಾಣದಲ್ಲಿ ‘ಕೂತು ಓದಿದ್ದು’ ಎಂದು ಒಂದು ಕಾಲಂ ಸೇರಿಸಿ. ಅದಕ್ಕೆ ಸಮಿತಿ ಬೇಡ, ಟೆಂಡರು ಬೇಡ. ನನಗೆ ಇಪ್ಪತ್ತು ನಿಮಿಷದ ಕೆಲಸ. ತಮ್ಮಲ್ಲಿ ಯಾರಿಗೂ ಬಾರದಿದ್ದರೆ ಹೇಳಿ ಕಳಿಸಿ. ಬಂದು ಕಲಿಸುತ್ತೇನೆ.

ಇಂತಿ,
ಇದು ಅಚ್ಚಾಗುವ ಹೊತ್ತಿಗೂ ಕೆಲಸ ಉಳಿದಿದ್ದರೆ,
ತಮ್ಮ ಶಾಖೆಯೊಂದರ ಕೌಂಟರ್ ಗುಮಾಸ್ತ