ನೆಟ್ಟಗೆ ಕೂರಿಸಿದ ಕೋಳಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಬಾಬಿನ್‌ಗೆ,

ನಿನಗೆ, ಅಳಿಯಂದಿರಿಗೆ, ನಮ್ಮ ಪುಟ್ಟ ಮಹಾರಾಣಿಗೆ ಅಪ್ಪನ ಆಶೀರ್ವಾದಗಳು. ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ತಡವಾಯಿತು, ಬೈಯಬೇಡ. ಕನ್ನಡಕ ಒಡೆದಿತ್ತು ಅಂತ ನೆಪ ಹೇಳೋಣವೆಂದುಕೊಂಡೆ. ಆದರೆ ಪದಬಂಧ ಪೂರ್ತಿ ಬಿಡಿಸಿದೆನೆಂದು ಕಳೆದ ವಾರವಷ್ಟೇ ಫೋನಿನಲ್ಲಿ ಜಂಬ ಕೊಚ್ಚಿಕೊಂಡುಬಿಟ್ಟಿದ್ದೇನೆ.

ನೀನು ಕೇಳಿದ್ದು ಎರಡೇ ಪ್ರಶ್ನೆ. ಹೊಗೆಡಬ್ಬದಲ್ಲಿ ಇಡೀ ಕೋಳಿಯನ್ನು ಕೂರಿಸಿ ಬೇಯಿಸುವುದು ಹೇಗೆ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನೀನೇ ಮಾಡಬೇಕು ಎಂಬುದು ಒಂದು. ಅಮ್ಮ ಕೊನೆಯ ದಿನ ಅದನ್ನು ತಿಂದು ಏನೇನು ಅಂದಳು, ಒಂದು ಮಾತೂ ಬಿಡದೆ ಬರೆ ಎಂಬುದು ಇನ್ನೊಂದು. "ಕೊನೆಗಾದರೂ ಅಮ್ಮನ ಬಾಯಿಗೆ ರುಚಿ ಹತ್ತಿತಲ್ಲ ಅಪ್ಪ, ಅದೊಂದನ್ನೇ ಹಿಡಿದುಕೊಂಡು ದಿನ ದೂಡ್ತಿದ್ದೀನಿ" ಅಂತ ಬರೆದಿದ್ದೀಯ. ಮೊದಲನೆಯದು ಸುಲಭ. ಅದನ್ನೇ ಮೊದಲು ಬರೆಯುತ್ತೇನೆ.

ಅಳಿಯಂದಿರು ಡ್ರಮ್ಮು ಕೊಯ್ದು ಮಾಡಿದ ಹೊಗೆಡಬ್ಬದ ಫೋಟೊ ನೋಡಿದೆ. ಚಿಮಣಿ ಸೊಟ್ಟಗಿದೆ. ಪರವಾಗಿಲ್ಲ, ಹೊಗೆ ಹೇಗೋ ದಾರಿ ಹುಡುಕಿಕೊಳ್ಳುತ್ತದೆ, ಅವರಿಗೆ ಹೇಳಬೇಡ. ಒಂದೂವರೆ ಕೇಜಿಗಿಂತ ದೊಡ್ಡ ಕೋಳಿ ತರಬೇಡ. ಹಿಂದಿನ ದಿನವೇ ಒಳಗೂ ಹೊರಗೂ ಉಪ್ಪು, ಕಾಳುಮೆಣಸಿನ ಪುಡಿ ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡು. ಚರ್ಮ ಒಣಗಿದಷ್ಟೂ ಬಣ್ಣ ಚೆನ್ನಾಗಿ ಬರುತ್ತದೆ. ಅಗಲ ತಳದ ಸ್ಟೀಲ್ ಲೋಟಕ್ಕೆ ಅರ್ಧ ನೀರು, ಜಜ್ಜಿದ ಬೆಳ್ಳುಳ್ಳಿ, ನಿಂಬೆಸಿಪ್ಪೆ ಹಾಕಿ ತಟ್ಟೆಯ ನಡುವೆ ಇಟ್ಟು, ಲೋಟ ಹೊಟ್ಟೆಯೊಳಗೆ ಹೋಗುವ ಹಾಗೆ ಕೋಳಿಯನ್ನು ಅದರ ಮೇಲೆ ಕೂರಿಸು. ಎರಡು ಕಾಲು, ಒಂದು ಲೋಟ ಸೇರಿ ಮುಕ್ಕಾಲಿಯ ಹಾಗೆ ಗಟ್ಟಿಯಾಗಿ ನಿಲ್ಲಬೇಕು. ಕತ್ತಿನ ತೂತಿಗೆ ಅರ್ಧ ಈರುಳ್ಳಿ ತುರುಕು, ಇಲ್ಲದಿದ್ದರೆ ಆವಿಯೆಲ್ಲ ಮೇಲಿನಿಂದ ಹೋಗಿ ಎದೆ ಒಣಗುತ್ತದೆ. ಬಾಯ್ಲರ್ ಮೇಸ್ತ್ರಿಯ ಮಗಳಿಗೆ ಆವಿಯ ಪಾಠ ಬೇಕಿಲ್ಲ.

ನಿನ್ನಮ್ಮ ರೆಕ್ಕೆಗಳನ್ನು, ನಿನಗೆ ಬಾಬಿನ್ ಅಂತ ಹೆಸರು ತಂದುಕೊಟ್ಟ ಅದೇ ಹೊಲಿಗೆ ಪೆಟ್ಟಿಗೆಯ ದಪ್ಪ ನೂಲಿನಿಂದ ಬೆನ್ನಿಗೆ ಕಟ್ಟುತ್ತಿದ್ದಳು. ನೂಲು ಹತ್ತಿಯದೇ ಆಗಬೇಕು. ನೈಲಾನ್ ಕರಗುತ್ತದೆಂದು ನಾವು ಕಲಿತ ದಿನ ನಿನಗೆ ನೆನಪಿರಬೇಕು, ಅವತ್ತು ಮೂವರೂ ಬರೀ ಬ್ರೆಡ್ಡು ತಿಂದು ಮಲಗಿದ್ದೆವು. ಮೊದಲ ಸಲ ಕೋಳಿಯನ್ನು ಹಾಗೆ ಕೂರಿಸಿದಾಗ ಅವಳು ಸುತ್ತಲೂ ಒಂದು ಸುತ್ತು ಬಂದು, "ರೀ, ಇದರ ಕೈಗೊಂದು ಪೆನ್ನು ಕೊಟ್ರೆ ಅರ್ಜಿಗೆಲ್ಲ ಸಹಿ ಹಾಕಿ ಕೊಡುತ್ತೆ ನೋಡಿ" ಅಂದಿದ್ದಳು. ಆಮೇಲೆ ನಮ್ಮ ಮನೆಯಲ್ಲಿ ಅದಕ್ಕೆ ಸಾಹೇಬರು ಅಂತಲೇ ಹೆಸರಾಯಿತು. "ಸಾಹೇಬರು ಎಷ್ಟು ಹೊತ್ತಿಗೆ ಏಳ್ತಾರಂತೆ?" ಅಂತ ನೀನು ತಟ್ಟೆ ಬಡಿಯುತ್ತಿದ್ದೆ.

ಹಣ್ಣಿನ ಮರದ ಒಣ ಚಕ್ಕೆ ಹಾಕು. ಬಣ್ಣ ಬಳಿದ ಹಲಗೆ ಜಪ್ಪಯ್ಯ ಅಂದರೂ ಬೇಡ. ದಟ್ಟ ಬಿಳಿ ಹೊಗೆ ಹೋಗಿ ತೆಳುವಾದ ನೀಲಿ ಹೊಗೆ ಬಂದ ಮೇಲೆ ಕೋಳಿ ಇಡು. ಶಾಖದ ಮುಳ್ಳು ನೂರಿಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿರಲಿ. ಸುಮಾರು ಮೂರು ಗಂಟೆ ಬೇಕು. ತೊಡೆ ಚುಚ್ಚಿದರೆ ತಿಳಿನೀರು ಬರಬೇಕು, ಕಾಲು ಹಿಡಿದು ಅಲ್ಲಾಡಿಸಿದರೆ ಸಡಿಲವಾಗಿರಬೇಕು. ನಡುವೆ ಮುಚ್ಚಳ ತೆಗೆಯಬೇಡ, ಉರಿ ಬಿಟ್ಟು ಏಳಬೇಡ. ನನ್ನ ಕಾರ್ಖಾನೆಯ ನಿಯಮವೇ ಅದು: ಉರಿ ಹೊತ್ತಿಸಿದವನು ಬದಲಿ ಆಳು ಬರುವವರೆಗೆ ಜಾಗ ಬಿಟ್ಟು ಕದಲುವಂತಿಲ್ಲ. ಮೂವತ್ತೆರಡು ವರ್ಷ ಹಾಗೆ ಕೂತವನು ನಾನು. ನೀನು ಹುಟ್ಟಿದ ಸುದ್ದಿ ಬಂದಾಗಲೂ ಬದಲಿಯವನು ಬಂದ ಮೇಲೆಯೇ ಆಸ್ಪತ್ರೆಗೆ ಓಡಿದ್ದು. ನಿನ್ನಮ್ಮ ಅದನ್ನು ಆಡಿ ಆಡಿ ನನ್ನ ಮಾನ ಕಳೆದಿದ್ದಾಳೆ.

ಇನ್ನು ಎರಡನೆಯ ಪ್ರಶ್ನೆ. ಆ ವಾರವೆಲ್ಲ ಅವಳು ಗಂಜಿಯನ್ನೂ ಮುಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ನಿನ್ನ ಮಗುವಿನ ಫೋಟೊ ಎದೆಯ ಮೇಲಿಟ್ಟುಕೊಂಡು, "ರೀ, ಸಾಹೇಬರನ್ನ ಕೂರಿಸ್ತೀರಾ? ಒಂದು ತುತ್ತು ತಿನ್ನೋಣ ಅನ್ನಿಸ್ತಿದೆ" ಅಂದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಮನೆಯ ನರ್ಸಮ್ಮನನ್ನು ಅವಳ ಬಳಿ ಕೂರಿಸಿ ಪೇಟೆಗೆ ಓಡಿದೆ. ಮಧ್ಯಾಹ್ನ ಒಂದು ತುಂಡು ತಿಂದಳು, ಉಪ್ಪು ಸರಿಯಾಗಿದೆ ಅಂದಳು, ಹಾಗೇ ನಿದ್ದೆ ಹೋದಳು. ನಿನಗೆ ಆಗಲೇ ಹೇಳಿದ್ದೇನಲ್ಲ, ಅಷ್ಟೇ.

ಮಗುವಿಗೆ ತಲೆಗೂದಲು ಬಂದಿದೆಯೇ? ಅಜ್ಜನ ಹಾಗೆ ಬೋಳಾಗಿಯೇ ಇರುತ್ತೇನೆಂದು ಹಟ ಹಿಡಿದಿದ್ದರೆ ಬಿಡು. ಹೊಟ್ಟೆ ತುಂಬ ಉಣ್ಣು, ಸಿಕ್ಕಿದಾಗ ನಿದ್ದೆ ಮಾಡು. ನಿಮ್ಮ ಮೂವರ ಮನೆ ಸದಾ ನಗುವಿನಿಂದ ತುಂಬಿರಲಿ.

ಇಂತು ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ.

ಅಮ್ಮ ತಿನ್ನಲಿಲ್ಲ ಮಗಳೇ. ನಿನಗೆ ಹೆರಿಗೆಯಾಗಿ ಒಂಬತ್ತೇ ದಿನವಾಗಿತ್ತು. ಬಾಣಂತಿಗೆ ಹೇಳುವ ಮಾತಲ್ಲವೆಂದು ಸುಳ್ಳು ಹೇಳಿದೆ, ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ.

ಹೊಗೆಡಬ್ಬಕ್ಕೂ ಅವಳ ಮಂಚಕ್ಕೂ ಇಪ್ಪತ್ತು ಹೆಜ್ಜೆ. ನರ್ಸಮ್ಮ ಹಿತ್ತಲ ಬಾಗಿಲಿಗೆ ಬಂದು, "ಅಣ್ಣಾ, ಅಕ್ಕ ಕರೀತಿದ್ದಾರೆ" ಅಂದಳು. "ಇನ್ನೂ ಅರ್ಧ ಗಂಟೆ ಇದೆ ಅಂತ ಹೇಳಮ್ಮ" ಅಂದೆ. ಎರಡನೆಯ ಸಲ ಬಂದಾಗಲೂ ಅದನ್ನೇ ಹೇಳಿದೆ. ಹಸಿವಿಗೆ ಅವಸರ ಮಾಡುತ್ತಿದ್ದಾಳೆಂದು ನನಗೆ ಒಳಗೊಳಗೇ ಖುಷಿ. ಮೂರನೆಯ ಸಲ, "ಕೋಳಿ ಬೇಡವಂತೆ ಅಣ್ಣಾ. ನೀವು ಬಂದು ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕಂತೆ" ಅಂದಳು. ನಾನು ನಕ್ಕೆ. "ವಾರ ಉಪವಾಸ ಇದ್ದೋಳು ಇನ್ನು ಹತ್ತು ನಿಮಿಷ ಕಾಯಲ್ವಾ? ಬಿಸಿಬಿಸಿ ತಂದೇಬಿಟ್ಟೆ ಅಂತ ಹೇಳು" ಅಂದೆ.

ಕೋಳಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ತಟ್ಟೆ ಹಿಡಿದು ಒಳಗೆ ಹೋದೆ. ಅವಳ ಕೈ ಹಿಡಿದು ಕೂತಿದ್ದ ನರ್ಸಮ್ಮ ಎದ್ದು ನನಗೆ ಜಾಗ ಬಿಟ್ಟಳು. ನಾನು ಕೂತು, "ಏಳೇ, ತಂದಿದ್ದೀನಿ" ಅಂದೆ. ಎರಡು ಸಲ ಅಂದೆ.

ನೀನು ಹಿಡಿದುಕೊಂಡಿದ್ದ ಒಂದೇ ಒಂದು ಮಾತನ್ನೂ ಕಿತ್ತುಕೊಂಡೆ. ಬೈಯುವುದಿದ್ದರೆ ಬೈ, ಆದರೆ ಮಾತು ಮಾತ್ರ ಬಿಡಬೇಡ.

ನಿನಗೆ ಅಳತೆ ಸರಿಯಾಗಿ ಬರೆಯೋಣವೆಂದು ಅವತ್ತಿನಿಂದ ಮುಟ್ಟಿರದ ಹೊಗೆಡಬ್ಬವನ್ನು ನಿನ್ನೆ ಹೊತ್ತಿಸಿ ಕೋಳಿ ಇಟ್ಟೆ. ಎರಡು ಗಂಟೆ ಕೂತೆ. ಆಮೇಲೆ ಉರಿ ತಗ್ಗಿಸುವ ಗಾಳಿಕಿಂಡಿಯನ್ನೂ ಮುಚ್ಚದೆ ಎದ್ದು ಒಳಗೆ ಹೋಗಿ, ಖಾಲಿ ಮಂಚದ ಪಕ್ಕ ಕೂತುಬಿಟ್ಟೆ. ಯಾರೂ ಕರೆದಿರಲಿಲ್ಲ. ವಾಪಸು ಬರುವಷ್ಟರಲ್ಲಿ ಕೋಳಿ ಕರಕಲಾಗಿತ್ತು.

ಮೇಲೆ ಬರೆದದ್ದರಲ್ಲಿ ಉರಿ ಬಿಟ್ಟು ಏಳಬೇಡ ಅಂದದ್ದನ್ನು ಹೊಡೆದುಹಾಕು. ಹುಟ್ಟುಹಬ್ಬದ ದಿನ ಮಗು ಒಳಗಿಂದ ಕರೆದರೆ ಎದ್ದು ಹೋಗು. ಕೋಳಿ ಕೆಟ್ಟರೆ ಕೆಡಲಿ, ಬ್ರೆಡ್ಡು ತಿನ್ನಿ.