ಅತ್ತೆಯ ಬಾಯಲ್ಲಿ ದಾರದ ತುದಿ

ಏಪ್ರಿಲ್ 3, ಬೆಳಿಗ್ಗೆ

ಸ್ಟ್ರಾದಲ್ಲಿ ತಿಂಡಿ ಮುಗಿಯಿತು. ಕುಂಬಳಕಾಯಿ ಸೂಪ್. ನಿನ್ನೆಯೂ ಅದೇ. ಈ ಮನೆಯಲ್ಲಿ ಮಿಕ್ಸಿಗೆ ಬೀಳದೆ ಉಳಿದದ್ದು ನನ್ನ ಚಪ್ಪಲಿ ಒಂದೇ.

ನನ್ನ ಬ್ಯೂಟಿ ಪಾರ್ಲರಿನ ಶಟರ್ ಜಾರಿ ಗದ್ದಕ್ಕೆ ಬಡಿದದ್ದು ಹೋದ ತಿಂಗಳು. ದವಡೆ ಎರಡು ಕಡೆ ಮುರಿದಿತ್ತು. ಆಪರೇಷನ್ ಆಯಿತು. ಒಳಗೆ ಪ್ಲೇಟು, ಸ್ಕ್ರೂ. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ರಬ್ಬರ್ ಬ್ಯಾಂಡ್. ಬಾಯಿ ತೆರೆಯುವ ಹಾಗಿಲ್ಲ. ಮಾತೆಲ್ಲ ಮೂಗಿನಲ್ಲಿ — ಹ್ಞೂಂ, ಊಹ್ಞೂಂ. ಅತ್ತೆಗೆ ಅಷ್ಟು ಸಾಕು. ನನ್ನ ಪಾಲಿನ ಮಾತನ್ನೂ ಅವರೇ ಆಡಿ, ಅದಕ್ಕೆ ಉತ್ತರ ಕೊಟ್ಟು, ನನ್ನ ಜೊತೆಗಿನ ಜಗಳವನ್ನೂ ಅವರೇ ಮುಗಿಸುತ್ತಾರೆ.

ಮುಖ ಊದಿದೆ. ಊದಲಿ. ಚಿಂತೆ ಇರುವುದು ಹಲ್ಲಿನದು. ದಾರ ಎಳೆದು ಹುಬ್ಬು ತಿದ್ದುವಾಗ ಅದರ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಕಲಿತಾಗಿನಿಂದ ಹಾಗೇ. ಕೂದಲು ಕತ್ತರಿಸಲು ಬೀದಿ ತುಂಬ ಅಂಗಡಿಗಳಿವೆ. ನನ್ನ ಹತ್ತಿರ ಜನ ಬರುವುದು ಹುಬ್ಬಿಗೆ. ಈ ಹಲ್ಲು ದಾರ ಹಿಡಿಯದಿದ್ದರೆ... ಭಯವಾಗುತ್ತದೆ.

ಏಪ್ರಿಲ್ 9

ಚೆಕಪ್. ಫೋನಿನಲ್ಲಿ ಟೈಪ್ ಮಾಡಿ ಡಾಕ್ಟರಿಗೆ ತೋರಿಸಿದೆ: ದಾರ ಕಚ್ಚಬಹುದಾ?

"ಈಗಂತೂ ಬೇಡ. ಮೊದ್ಲು ಮೂಳೆ ಕೂಡ್ಲಿ. ಆಮೇಲಿನದು ಈಗ್ಲೇ ಹೇಳಕ್ಕಾಗಲ್ಲ" ಎಂದರು. ಒಳ್ಳೆಯ ಹುಡುಗಿ, ಬಂಗಾರದಂಥ ಕೈ. ಸುಳ್ಳು ಧೈರ್ಯ ಹೇಳುವುದಿಲ್ಲ. ಒಂಚೂರು ಹೇಳಿದ್ದರೆ ಏನಾಗುತ್ತಿತ್ತೋ.

ಏಪ್ರಿಲ್ 21

ದಾರವನ್ನು ಕುತ್ತಿಗೆಗೆ ಕಟ್ಟಿಕೊಂಡು ಪ್ರಯತ್ನ. ಈಗಿನ ಹುಡುಗಿಯರು ಹಾಗೂ ಮಾಡುತ್ತಾರೆ. "ನಂದು ಹೇಗಿದ್ರೂ ನಡಿಯತ್ತೆ, ಕಲಿ" ಎಂದು ನಮ್ಮ ಯಜಮಾನರು ಕುರ್ಚಿಯಲ್ಲಿ ಕೂತರು. ಪಾಪ. ಕೈಗೆ ಗೊತ್ತಿರುವುದು ಹಲ್ಲಿನ ಎತ್ತರ. ದಾರ ಕುತ್ತಿಗೆಯಿಂದ ಬಂದರೆ ಎಲ್ಲ ಓರೆ. ಎಡ ಹುಬ್ಬು ಅರ್ಧ ಮಾಯ. ಉಳಿದರ್ಧ ಹಣೆಯತ್ತ ಹೊರಟಿದೆ.

ಏಪ್ರಿಲ್ 22, ಸಂಜೆ

ಇವರು ಬ್ಯಾಂಕಿನಿಂದ ಬಂದು ಬ್ಯಾಗ್ ಇಡುವ ಮುಂಚೆಯೇ, "ಕೌಂಟರಿಗೆ ಬಂದೋರೆಲ್ಲ ಒಂದೇ ಪ್ರಶ್ನೆ ಕಣೇ. ಯಾಕ್ ಸಾರ್, ನನ್ ಸಹಿ ಸರಿ ಇಲ್ವಾ ಅಂತ."

ಮೂಗಿನಲ್ಲೇ ನಕ್ಕೆ. ದವಡೆ ಪ್ರಾಣ ಹಿಂಡಿತು. ಆದರೂ ನಕ್ಕೆ.

ಅತ್ತೆ ನಗಲಿಲ್ಲ. ಹುಬ್ಬನ್ನೇ ನೋಡುತ್ತಿದ್ದರು. "ದಾರ ಹಲ್ಲಿನ್ ಎತ್ತರಕ್ಕಿರ್ಬೇಕು, ಅಷ್ಟೇ ತಾನೆ? ನನ್ ಹಲ್ಲು ಏನ್ ಪಾಪ ಮಾಡಿದೆ?"

ಏಪ್ರಿಲ್ 24

ಅತ್ತೆ ನನ್ನ ಹಿಂದೆ ಸ್ಟೂಲಿನ ಮೇಲೆ ಕೂತು, ಹೆಗಲ ಮೇಲೆ ಗದ್ದ ಊರಿ, ದಾರದ ತುದಿ ಕಚ್ಚಿದರು. ಕೈ ನನ್ನದು. ಕುರ್ಚಿಯಲ್ಲಿ ಮತ್ತೆ ಇವರೇ — ಬಲ ಹುಬ್ಬನ್ನಾದರೂ ಎಡದ್ದಕ್ಕೆ ಜೋಡಿ ಮಾಡಿಸಿಕೊಳ್ಳಲು. ಎರಡು ಎಳೆತ ಚೆನ್ನಾಗಿ ಬಂತು. ಮೂರನೆಯದಕ್ಕೆ ಅತ್ತೆಯ ಹಲ್ಲಿನ ಸೆಟ್ಟೇ ದಾರದ ಜೊತೆ ಹೊರಟು ಇವರ ಕಾಲರ್ ಒಳಗೆ ಬಿತ್ತು.

"ಅಮ್ಮ, ಕಚ್ತಿದೆ."

"ಸುಮ್ನೆ ಕೂತ್ಕೊಳೋ. ನಾನ್ ಇಲ್ಲಿದೀನಿ, ಅದು ಹೇಗ್ ಕಚ್ಚತ್ತೆ?"

ಗೋಡೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು. ರಬ್ಬರ್ ಬ್ಯಾಂಡ್ ಒಂದು ಪಟ್ಟೆಂದು ಹೋಯಿತು. ಡಾಕ್ಟರಿಗೆ ಏನೆಂದು ಹೇಳಲಿ.

ಏಪ್ರಿಲ್ 25

ಅತ್ತೆ ಪಟ್ಟು ಬಿಡುವವರಲ್ಲ. ಸೆಟ್ ತೆಗೆದು ಲೋಟದಲ್ಲಿಟ್ಟರು. ದಾರದ ತುದಿಗೆ ಕೋಟಿನ ಗುಂಡಿ ಕಟ್ಟಿ ಬಾಯೊಳಗೆ ಇಟ್ಟುಕೊಂಡು ತುಟಿ ಬಿಗಿದರು. ಎಳೆದೆ. ದಾರ ಅಲುಗಲಿಲ್ಲ. ಬಲ ಹುಬ್ಬು ಲಕ್ಷಣವಾಗಿ ಬಂತು. ನನ್ನದೇ ಕೈಯ ಗೆರೆ. ಅದನ್ನು ನೋಡಿ ಎಷ್ಟು ದಿನವಾಗಿತ್ತು.

ಮೇ 12

ರಬ್ಬರ್ ಬ್ಯಾಂಡ್ ಹೋಯಿತು. ಬಾಯಿ ಒಂದು ಬಿಸ್ಕತ್ತಿನಷ್ಟು ತೆರೆಯುತ್ತದೆ. ಶಟರಿಗೆ ಹೊಸ ಸ್ಪ್ರಿಂಗ್. ಪಾರ್ಲರ್ ತೆರೆದೆವು.

ಮೊದಲು ಬಂದದ್ದು ಪಕ್ಕದ ಔಷಧಿ ಅಂಗಡಿಯಾಕೆ. ಕಣ್ಣು ಬಿಟ್ಟರೆ ಮೇಲೆ ಎರಡು ಮುಖ. "ಒಂದ್ ಹುಬ್ಬಿಗೆ ಇಬ್ಬರಾ?" ಅತ್ತೆಯ ನಾಲಗೆ ತುದಿಯಲ್ಲಿ ಉತ್ತರವಿತ್ತು. ಗುಂಡಿಯೂ ಅಲ್ಲೇ ಇತ್ತು. ಮದುವೆಯಾಗಿ ಬಂದ ಮೇಲೆ ಇದೇ ಮೊದಲು — ನಾನು ಮಾತಾಡುತ್ತಿದ್ದೆ, ಅತ್ತೆ ಹ್ಞೂಂ ಎನ್ನುತ್ತಿದ್ದರು.

ಮೇ 26

ಡಾಕ್ಟರ್ ಬಂದು ಕುರ್ಚಿಯಲ್ಲಿ ಕೂತರು. ಹುಬ್ಬೆರಡೂ ಕೂಡಿಕೊಂಡು ಸಂಸಾರ ಹೂಡಿದ್ದವು. ಕಣ್ಣಲ್ಲಿ ನೀರು ಇಳಿಯಿತು. "ನಿಮ್ ಆಪರೇಷನ್‌ಗಿಂತ ಇದೇ ನೋವು."

"ನಂಗೆ ಮತ್ತಿನ್ ಇಂಜೆಕ್ಷನ್ ಕೊಟ್ಟಿದ್ರಲ್ಲ ಡಾಕ್ಟ್ರೇ."

ಅತ್ತೆಯ ನಂಬರ್ ಬರೆದುಕೊಂಡು ಹೋದರು. ಇನ್ನು ಅವರಿಂದಲೇ ಟೈಮ್ ಕೇಳುತ್ತಾರಂತೆ.

ಜೂನ್ 14

ಮೂಳೆ ಕೂಡಿದೆ. "ಇನ್ನು ದಾರ ಹಿಡೀಬಹುದು" ಎಂದರು ಡಾಕ್ಟರ್.

ಮನೆಗೆ ಹೋಗಲಿಲ್ಲ. ಸೀದಾ ಪಾರ್ಲರ್. ಒಬ್ಬಳೇ. ಕಲಿಯುವಾಗ ಮಾಡುತ್ತಿದ್ದಂತೆ ನನ್ನ ಮೊಣಕಾಲಿನ ಕೂದಲಿನ ಮೇಲೇ ಪರೀಕ್ಷೆ. ದಾರ ಕಚ್ಚಿದೆ. ಎಳೆದೆ. ಹಲ್ಲು ಹಿಡಿಯಿತು. ಮತ್ತೆ ಎಳೆದೆ, ಹಿಡಿಯಿತು. ಖುಷಿಗೆ ಕೂತಲ್ಲೇ ಅತ್ತುಬಿಟ್ಟೆ.

ಜೂನ್ 15, ಬೆಳಿಗ್ಗೆ

ಅತ್ತೆಗೆ ಇನ್ನೂ ಹೇಳಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಲು ಬಾಯಿ ತೆರೆದೆ. ಆಗಲೇ ಅವರ ತಂಗಿಯ ಫೋನ್. "ಎಲ್ಲಿಗೂ ಬರಕ್ಕಾಗಲ್ಲ ಕಣೇ. ನಾನಿಲ್ದಿದ್ರೆ ಪಾರ್ಲರ್ ನಡಿಯಲ್ಲ." ಆ ಧ್ವನಿಯಲ್ಲಿದ್ದ ಠೀವಿ. ಬಾಯಿ ಮುಚ್ಚಿಕೊಂಡೆ.

ಈಗ ಇಸ್ತ್ರಿ ಬಟ್ಟೆ ಹಾಕಿ, ತಲೆ ಬಾಚಿ, ಗುಂಡಿ ತೊಳೆದು ಡಬ್ಬಿಗೆ ಹಾಕಿಕೊಂಡು ಬಂದು ನಿಂತರು. "ಡಾಕ್ಟ್ರು ಏನಂದ್ರು?"

"ಇನ್ನೂ ಸ್ವಲ್ಪ ದಿನ ನೀವೇ ಬರ್ಬೇಕಂತೆ, ಅತ್ತೆ."

ಚಪ್ಪಲಿ ಮೆಟ್ಟುತ್ತ ನನ್ನ ಮುಖ ನೋಡಿದರು. "ನಿನ್ನೆ ಮಧ್ಯಾಹ್ನಾನೇ ಡಾಕ್ಟ್ರು ಫೋನ್ ಮಾಡಿ ಎಲ್ಲಾ ಹೇಳಿದ್ರು ಕಣೇ. ನಡಿ, ಹೊತ್ತಾಯ್ತು."

ಹಾಗಾದರೆ ತಂಗಿಯ ಫೋನ್ ಬಂದಾಗಲೇ ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ... ನಗು ತಡೆಯಲು ಆಗುತ್ತಿಲ್ಲ. ಅಕ್ಷರ ಅಲ್ಲಾಡುತ್ತಿದೆ. ಬಾಗಿಲಿಂದ ಕೂಗುತ್ತಿದ್ದಾರೆ. ಇವತ್ತು ದಾರ ಹಿಡಿಯುವುದು ನಾನೋ ಅವರೋ ಎಂದು ಇನ್ನೂ —